ಈ ಇಂಗಾಲದ್ದು ಯಾವೂರು?

ಸೈಬೀರಿಯಾದ ಉತ್ತರಕ್ಕಿರುವ ಲಾಪ್ಟೆವ್ ಸಮುದ್ರದಲ್ಲಿ ಒಂದು ಸಂಶೋಧನಾ ಹಡಗು ನಿಂತಿದೆ. ಅಲ್ಲಿ ನೀರಿನ ಆಳ 50 ಮೀಟರ್ ಆಸುಪಾಸು. ಉಕ್ಕಿನ ಹಗ್ಗಕ್ಕೆ ಕಟ್ಟಿದ ಚೌಕಟ್ಟೊಂದು ನೀರಿಗಿಳಿಯುತ್ತದೆ. ಅದರಲ್ಲಿ ತೋಳಿನ ದಪ್ಪದ ಪಾರದರ್ಶಕ ಕೊಳವೆಗಳನ್ನು ಸಾಲಾಗಿ ಜೋಡಿಸಿದ್ದಾರೆ. ಚೌಕಟ್ಟು ತಳ ಮುಟ್ಟುತ್ತಲೇ ಕೊಳವೆಗಳು ಮೆಲ್ಲಗೆ ಹೂಳಿನೊಳಗೆ ಇಳಿಯುತ್ತವೆ, ಅಡಿಯ ಮುಚ್ಚಳ ಬಿಗಿಯುತ್ತದೆ. ಮೇಲೆತ್ತಿದಾಗ ಕೈಗೆ ಸಿಗುವುದು ಮೊಳದುದ್ದದ ಬೂದು ಕೆಸರಿನ ಕಂಬ, ಅದರ ತಲೆಯ ಮೇಲೆ ಕದಡದೆ ನಿಂತ ಒಂದಿಷ್ಟು ಕಡಲ ನೀರು. ಆ ಕಂಬವನ್ನು ಕೆಳಗಿನಿಂದ ಚೂರುಚೂರೇ ಮೇಲಕ್ಕೆ ತಳ್ಳಿ, ಸೆಂಟಿಮೀಟರಿಗೊಂದು ಬಿಲ್ಲೆಯಂತೆ ಕೊಯ್ದು, ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ ಫ್ರೀಜರಿಗೆ ಸೇರಿಸುತ್ತಾರೆ.

ನೋಡಲು ಅದು ಬರೀ ಕೆಸರು. ಒಣಗಿಸಿ ತೂಗಿದರೆ ನೂರು ಗ್ರಾಂ ಹೂಳಿನಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಒಂದೆರಡು ಗ್ರಾಂ. ಒಂದು ಕಾಲಕ್ಕೆ ಜೀವಿಯ ಒಡಲಾಗಿದ್ದ ಇಂಗಾಲ ಅದು. ಆದರೆ ಯಾವ ಜೀವಿ? ಕಳೆದ ಬೇಸಿಗೆಯಲ್ಲಿ ಇದೇ ಕಡಲಲ್ಲಿ ತೇಲುತ್ತಿದ್ದ ಪಾಚಿಯೇ? ಸಾವಿರ ಕಿಲೋಮೀಟರ್ ದೂರದ ಕಾಡಿನಲ್ಲಿ ಉದುರಿ ಲೆನಾ ನದಿಯಲ್ಲಿ ತೇಲಿ ಬಂದ ಎಲೆಯೇ? ಮ್ಯಾಮತ್ ಆನೆಗಳು ಮೇಯ್ದ ಹುಲ್ಲೇ? ಅಥವಾ ಕೋಟ್ಯಂತರ ವರ್ಷ ಹಳೆಯ ಕಲ್ಲಿದ್ದಲಿನ ಪುಡಿಯೇ?

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರನ್ನು ಹೆಸರಿಗಿಂತ ಮೊದಲು ‘ಯಾವೂರಾಯ್ತು?’ ಎಂದು ಕೇಳುತ್ತೇವೆ. ಊರು ತಿಳಿದರೆ ಅರ್ಧ ಕಥೆ ತಿಳಿದಂತೆ. ಧ್ರುವ ಸಮುದ್ರಗಳ ಹೂಳನ್ನು ಓದುವ ವಿಜ್ಞಾನಿಗಳೂ ಅದರಲ್ಲಿರುವ ಇಂಗಾಲವನ್ನು ಇದೇ ಪ್ರಶ್ನೆ ಕೇಳುತ್ತಾರೆ. ಆ ಉತ್ತರದ ಮೇಲೆ ಭೂಮಿಯ ಹವಾಮಾನದ ಲೆಕ್ಕ ನಿಂತಿದೆ.

ಎಷ್ಟು ಎಂಬುದು ಸಾಲದು

ಕಡಲಡಿಯಲ್ಲಿ ಇಂಗಾಲ ಹೂತುಹೋದರೆ ಒಳ್ಳೆಯದೆಂದು ನಾವು ಓದಿದ್ದೇವೆ. ಪಾಚಿ ನೀರಿನಲ್ಲಿ ಕರಗಿದ ಕಾರ್ಬನ್ ಡೈ ಆಕ್ಸೈಡನ್ನು ಹೀರಿ ಬೆಳೆಯುತ್ತದೆ, ಸಾಯುತ್ತದೆ, ತಳಕ್ಕಿಳಿಯುತ್ತದೆ. ಅದರ ಮೇಲೆ ಮತ್ತಷ್ಟು ಹೂಳು ಬಿದ್ದರೆ ಆ ಇಂಗಾಲ ಗಾಳಿಯ ಕೈಗೆ ಬಹುಕಾಲ ಸಿಗುವುದಿಲ್ಲ. ಇದು ನಿಜವಾದ ಉಳಿತಾಯ.

ಅದೇ ಹೂಳಿನಲ್ಲಿರುವುದು ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಿಂದ ಕುಸಿದು ಬಂದ ಇಂಗಾಲವಾಗಿದ್ದರೆ? ಅದು 30 ಸಾವಿರ ವರ್ಷಗಳಿಂದ ನೆಲದ ತಿಜೋರಿಯಲ್ಲಿ ಭದ್ರವಾಗಿದ್ದ ಗಂಟು. ತಿಜೋರಿ ಒಡೆದು, ದಾರಿಯಲ್ಲಿ ಒಂದು ಪಾಲು ಗಾಳಿಗೆ ಸೋರಿ, ಉಳಿದದ್ದು ಕಡಲ ತಳಕ್ಕೆ ಬಂದಿದೆ. ಇಲ್ಲಿ ಸಿಕ್ಕ ಪ್ರತಿ ಗ್ರಾಂ ದಾರಿಯಲ್ಲಾದ ನಷ್ಟಕ್ಕೆ ಸಾಕ್ಷಿ. ಇನ್ನು ಕಲ್ಲಿದ್ದಲಿನ ಪುಡಿಯಾಗಿದ್ದರೆ ಬಂಡೆಯಲ್ಲಿದ್ದದ್ದು ಮತ್ತೆ ಬಂಡೆಯಾಗುವ ದಾರಿ ಹಿಡಿದಿದೆ ಎಂದಷ್ಟೇ ಅರ್ಥ, ಗಾಳಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಶೇಕಡಾ 1.5 ಇಂಗಾಲವೆಂಬ ಒಂದೇ ಅಂಕಿಗೆ ಹೀಗೆ ಮೂರು ಅರ್ಥ. ಒಂದು ಆದಾಯ, ಒಂದು ನಷ್ಟದ ಶೇಷ, ಒಂದು ಬರೀ ವರ್ಗಾವಣೆ.

ಈ ಪ್ರಶ್ನೆ ಧ್ರುವಗಳ ಬಳಿ ಯಾಕಿಷ್ಟು ತೀವ್ರವೆಂದರೆ, ಅಲ್ಲಿನ ನೆಲದಲ್ಲಿರುವ ಗಂಟು ಅಷ್ಟು ದೊಡ್ಡದು. ಉತ್ತರ ಗೋಳಾರ್ಧದ ಪರ್ಮಾಫ್ರಾಸ್ಟ್ ಪ್ರದೇಶದಲ್ಲಿ, ಎಂದರೆ ವರ್ಷಾನುವರ್ಷ ಕರಗದೆ ಹೆಪ್ಪುಗಟ್ಟಿರುವ ನೆಲದಲ್ಲಿ, 1,460ರಿಂದ 1,600 ಶತಕೋಟಿ ಟನ್ ಸಾವಯವ ಇಂಗಾಲವಿದೆಯೆಂದು ಅಂದಾಜು. ಇಡೀ ವಾಯುಮಂಡಲದಲ್ಲಿರುವ ಇಂಗಾಲಕ್ಕೆ ಹೋಲಿಸಿದರೆ ಇದು ಹತ್ತಿರಹತ್ತಿರ ಎರಡು ಪಟ್ಟು. ಆ ನೆಲದ ಅಂಚು ಸೇರುವುದು ಆರ್ಕ್ಟಿಕ್ ಸಾಗರವನ್ನು. ಈ ಸಾಗರದ ವಿಸ್ತೀರ್ಣದಲ್ಲಿ ಅರ್ಧದಷ್ಟು ಆಳವಿಲ್ಲದ ಖಂಡಾವರಣ, ಅಂದರೆ ಭೂಖಂಡವೇ ನೀರಿನಡಿ ಚಾಚಿಕೊಂಡ ಜಗುಲಿ. ಲಾಪ್ಟೆವ್, ಪೂರ್ವ ಸೈಬೀರಿಯಾ ಸಮುದ್ರಗಳೂ ಚುಕ್ಚಿ ಸಮುದ್ರದ ರಷ್ಯಾ ಭಾಗವೂ ಸೇರಿದ ಒಂದೇ ಜಗುಲಿಯ ವಿಸ್ತಾರ 20 ಲಕ್ಷ ಚದರ ಕಿಲೋಮೀಟರಿಗಿಂತ ಹೆಚ್ಚು, ಸರಾಸರಿ ಆಳ ಕೇವಲ 50 ಮೀಟರ್. 20 ಸಾವಿರ ವರ್ಷಗಳ ಹಿಂದೆ ಹಿಮಯುಗ ತುತ್ತತುದಿಯಲ್ಲಿದ್ದಾಗ ಕಡಲ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಇದೆಲ್ಲ ಒಣನೆಲ, ಮ್ಯಾಮತ್‌ಗಳು ಓಡಾಡಿದ ಹುಲ್ಲುಗಾವಲು.

ದ್ವೀಪ ಕರಗುವ ಬಗೆ

ಲೆನಾ ನದಿಯ ಮುಖಜ ಭೂಮಿಯ ಆಗ್ನೇಯಕ್ಕೆ, ಟಿಕ್ಸಿ ಬಂದರಿನ ಎದುರು, ಮುಸ್ತಾಖ್ ಎಂಬ ಸಪೂರ ದ್ವೀಪವಿದೆ. ಅದರ ದಂಡೆ ಕಲ್ಲಿನದಲ್ಲ, ಮಂಜುಗಡ್ಡೆ ಮತ್ತು ಮಣ್ಣಿನದು. ಹಿಮಯುಗದಲ್ಲಿ ಚಳಿಗೆ ನೆಲ ಬಿರಿಯುತ್ತಿತ್ತು, ಬೇಸಿಗೆಯ ಕರಗುನೀರು ಬಿರುಕಿಗಿಳಿದು ಮತ್ತೆ ಹೆಪ್ಪುಗಟ್ಟುತ್ತಿತ್ತು. ಸಾವಿರಾರು ವರ್ಷ ಹೀಗೇ ನಡೆದು, ನೆಲದೊಳಗೆ ಹತ್ತಾರು ಮೀಟರ್ ಆಳದ ಮಂಜಿನ ಗೂಟಗಳು ಬೆಳೆದವು. ಅವುಗಳ ನಡುವೆ ಗಾಳಿ ನದಿಗಳು ತಂದ ನುಣ್ಣನೆ ಮಣ್ಣು, ಅದರಲ್ಲಿ ಹುಲ್ಲಿನ ಬೇರು, ಕಾಂಡ, ಪಾಚಿಗಿಡ. ಈ ನೆಲಕ್ಕೆ ಯೆಡೋಮಾ ಎಂದು ಹೆಸರು. ಅದರ ಗಾತ್ರದಲ್ಲಿ ಬಹುಪಾಲು ಬರೀ ಮಂಜುಗಡ್ಡೆ.

ಬೇಸಿಗೆಯಲ್ಲಿ ತೀರದ ಹಿಮ ಸರಿದಾಗ ಅಲೆಗಳು ಈ ದಂಡೆಯ ಬುಡ ಕೊರೆಯುತ್ತವೆ. ಬಿಸಿಲು ಮೇಲಿನಿಂದ ಕರಗಿಸುತ್ತದೆ. ಮಂಜಿನ ಗೂಟ ಕರಗಿದರೆ ನಡುವಿನ ಮಣ್ಣಿಗೆ ಆಸರೆ ತಪ್ಪಿ ಕಪ್ಪು ರಾಡಿಯಾಗಿ ಜಾರಿ ನೀರಿಗೆ ಬೀಳುತ್ತದೆ. ಹೀಗೆ ದಂಡೆ ವರ್ಷಕ್ಕೆ ಮೀಟರ್‌ಗಟ್ಟಲೆ ಹಿಂದೆ ಸರಿಯುವ ಜಾಗಗಳು ಈ ತೀರದುದ್ದಕ್ಕೂ ಇವೆ. ಆ ರಾಡಿಯಲ್ಲಿರುವ ಬೇರಿನ ಎಳೆಗಳಿಗೆ ಹತ್ತಾರು ಸಾವಿರ ವರ್ಷ ವಯಸ್ಸು.

ಅಷ್ಟು ಹಳೆಯದರಲ್ಲಿ ಸತ್ವ ಎಲ್ಲಿಂದ ಉಳಿದೀತು, ಬ್ಯಾಕ್ಟೀರಿಯಾ ಅದನ್ನು ಮುಟ್ಟುತ್ತದೆಯೇ ಎಂದು ಅನ್ನಿಸಬಹುದು. ಇದಕ್ಕೆ ಉತ್ತರ ಹತ್ತಿರದಲ್ಲೇ ಇದೆ. ಮುಸ್ತಾಖ್ ದ್ವೀಪಕ್ಕೆ ಸಮೀಪದ ಬಿಕೋವ್‌ಸ್ಕಿ ಪರ್ಯಾಯ ದ್ವೀಪದಲ್ಲಿ 1799ರಲ್ಲಿ ಒಸಿಪ್ ಶುಮಾಖೋವ್ ಎಂಬ ಬೇಟೆಗಾರನ ಕಣ್ಣಿಗೆ ಮಂಜಿನೊಳಗೆ ಹುದುಗಿದ್ದ ಒಂದು ಮ್ಯಾಮತ್ ಬಿತ್ತು. ವರ್ಷವರ್ಷವೂ ಮಂಜು ಕರಗಿ ಅದರ ಮೈ ಹೊರಬಂತು. 1806ರಲ್ಲಿ ಸಸ್ಯವಿಜ್ಞಾನಿ ಮಿಖಾಯಿಲ್ ಆಡಮ್ಸ್ ಅಲ್ಲಿಗೆ ತಲುಪುವ ಹೊತ್ತಿಗೆ ಸುತ್ತಲಿನ ಯಾಕೂತ್ ಜನ ಅದರ ಮಾಂಸ ಕೊಯ್ದು ತಮ್ಮ ನಾಯಿಗಳಿಗೆ ಹಾಕಿದ್ದರು, ತೋಳಗಳೂ ನರಿಗಳೂ ಮೇದಿದ್ದವು. ಆ ಅಸ್ಥಿಪಂಜರ ಇಂದಿಗೂ ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಹಿಮಯುಗದ ಮಾಂಸ ನಾಯಿಗೆ ಊಟವಾಯಿತು. ಚಳಿಯಲ್ಲಿ ವಯಸ್ಸು ಏರುತ್ತದೆ, ಸತ್ವ ಹೋಗುವುದಿಲ್ಲ. ಹುಲ್ಲಿನ ಬೇರಿನ ಕಥೆಯೂ ಇದೇ. ಕರಗಿದ ಕೂಡಲೇ ಸೂಕ್ಷ್ಮಜೀವಿಗಳು ಪಂಕ್ತಿಗೆ ಕೂರುತ್ತವೆ.

ರಾಗಿ ಉಂಡ ಗುರುತು

ಇನ್ನು ಪತ್ತೆಯ ಕೆಲಸ. ಪ್ರಯೋಗಾಲಯದಲ್ಲಿ ಮೊದಲು ಹೂಳನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಿ, ಅರೆದು ಹಿಟ್ಟು ಮಾಡುತ್ತಾರೆ. ಅದರಲ್ಲಿ ಚಿಪ್ಪು ಮತ್ತು ಸುಣ್ಣಕಲ್ಲಿನ ಇಂಗಾಲವೂ ಬೆರೆತಿರುತ್ತದೆ. ಅದು ಸಾವಯವವಲ್ಲ, ಉಳಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಕೆಲವು ಮಿಲಿಗ್ರಾಂ ಹಿಟ್ಟನ್ನು ಬೆರಳ ತುದಿಯಷ್ಟು ಚಿಕ್ಕ ಬೆಳ್ಳಿಯ ಬಟ್ಟಲಿಗೆ ಹಾಕಿ ಹೈಡ್ರೋಕ್ಲೋರಿಕ್ ಆಮ್ಲ ಸೋಕಿಸುತ್ತಾರೆ. ಅಡುಗೆ ಸೋಡಾದ ಮೇಲೆ ನಿಂಬೆರಸ ಬಿದ್ದಂತೆ ನೊರೆಯೆದ್ದು ಸುಣ್ಣದ ಇಂಗಾಲ ಅನಿಲವಾಗಿ ಹೋಗುತ್ತದೆ. ತವರದ ಬಟ್ಟಲಾದರೆ ಆಮ್ಲ ತಿಂದುಹಾಕೀತು, ಬೆಳ್ಳಿ ತಾಳಿಕೊಳ್ಳುತ್ತದೆ. ಆಮೇಲೆ ಬಟ್ಟಲನ್ನೇ ಮುದುಡಿ ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಗೆ ಬೀಳಿಸಿ, ಉರಿದು ಹೊರಟ ಅನಿಲವನ್ನು ಅಳೆಯುತ್ತಾರೆ.

ಮೊದಲ ಸುಳಿವು ಇಂಗಾಲ ಮತ್ತು ಸಾರಜನಕದ ಅನುಪಾತ. ಕಡಲ ಪಾಚಿಯ ಒಡಲಲ್ಲಿ ಪ್ರೋಟೀನ್ ಹೆಚ್ಚು, ಆದ್ದರಿಂದ ಪ್ರತಿ ಸಾರಜನಕ ಪರಮಾಣುವಿಗೆ ಆರೇಳು ಇಂಗಾಲ. ನೆಲದ ಗಿಡಕ್ಕೆ ಎದ್ದು ನಿಲ್ಲಲು ನಾರು ಬೇಕು, ನಾರೆಂದರೆ ಇಂಗಾಲ, ಅಲ್ಲಿ ಅನುಪಾತ 20 ದಾಟುತ್ತದೆ. ಆದರೆ ಆರ್ಕ್ಟಿಕ್ ಜೇಡಿಮಣ್ಣು ಅಮೋನಿಯಂ ರೂಪದ ಸಾರಜನಕವನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಈ ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಲಾಗದು.

ಎರಡನೆಯ ಸುಳಿವು ಇಂಗಾಲದ ತೂಕ. ನಿಸರ್ಗದ ಇಂಗಾಲದಲ್ಲಿ ಸುಮಾರು ಶೇಕಡಾ 99 ಭಾಗ ಇಂಗಾಲ-12, ಶೇಕಡಾ 1ರಷ್ಟು ಸ್ವಲ್ಪ ಭಾರದ ಇಂಗಾಲ-13. ಗಿಡಗಳು ಗಾಳಿಯಿಂದ ಇಂಗಾಲ ಹೀರುವಾಗ ಹಗುರವಾದದ್ದನ್ನು ಹೆಚ್ಚು ಆರಿಸಿಕೊಳ್ಳುತ್ತವೆ. ಎಷ್ಟು ಆರಿಸುತ್ತವೆಂಬುದು ದ್ಯುತಿಸಂಶ್ಲೇಷಣೆಯ ಬಗೆಯನ್ನು ಅವಲಂಬಿಸಿದೆ. ಒಂದು ನಿರ್ದಿಷ್ಟ ಮಾನಕಕ್ಕೆ ಹೋಲಿಸಿ ಸಾವಿರದಲ್ಲಿ ಎಷ್ಟು ಕೊರತೆ ಎಂದು ಇದನ್ನು ಹೇಳುವುದು ರೂಢಿ. ಭತ್ತ, ಗೋಧಿ, ತೊಗರಿಯಲ್ಲಿ ಈ ಅಂಕಿ ಮೈನಸ್ 27ರ ಸುತ್ತ. ರಾಗಿ, ಜೋಳ, ಸಜ್ಜೆ, ಕಬ್ಬು ಬೇರೆ ಬಗೆಯವು, ಅವುಗಳಲ್ಲಿ ಮೈನಸ್ 13ರ ಸುತ್ತ. ಉಂಡದ್ದು ಒಡಲಾಗುವುದರಿಂದ ವರ್ಷಗಟ್ಟಲೆ ರಾಗಿಮುದ್ದೆ ಉಂಡವರ ಕೂದಲಲ್ಲೂ ಅನ್ನ ಉಂಡವರ ಕೂದಲಲ್ಲೂ ಈ ವ್ಯತ್ಯಾಸದ ಜಾಡು ಇರುತ್ತದೆ.

ಕಡಲ ಪಾಚಿಯ ಅಂಕಿ ಈ ಎರಡರ ನಡುವೆ ಬರುತ್ತದೆ, ಹೆಚ್ಚುಕಡಿಮೆ ಮೈನಸ್ 21. ನಮ್ಮ ಕೃಷ್ಣಾ ಗೋದಾವರಿಗಳು ಬಂಗಾಳ ಕೊಲ್ಲಿಗೆ ಹೊತ್ತೊಯ್ಯುವ ಮಣ್ಣಿನಲ್ಲಿ ಭತ್ತದ ಬಗೆಯ ಗಿಡವೂ ಜೋಳದ ಬಗೆಯ ಹುಲ್ಲೂ ಬೆರೆತಿರುತ್ತವೆ. ಮೈನಸ್ 27ನ್ನೂ ಮೈನಸ್ 13ನ್ನೂ ಬೆರೆಸಿದರೆ ಸರಾಸರಿ ಮೈನಸ್ 20ಕ್ಕೆ ಬಂದು ನಿಂತು, ನೆಲದ ಇಂಗಾಲವೇ ಕಡಲ ಇಂಗಾಲದ ವೇಷ ತೊಟ್ಟಂತಾಗುತ್ತದೆ. ಧ್ರುವದ ಬಳಿ ಈ ತೊಡಕಿಲ್ಲ. ಅಷ್ಟು ಚಳಿಯಲ್ಲಿ ಜೋಳದ ಬಗೆಯ ಗಿಡಗಳು ಬೆಳೆಯುವುದಿಲ್ಲವೆನ್ನಬಹುದು. ಲಾಪ್ಟೆವ್ ತೀರದಿಂದ ಹೊರಸಮುದ್ರದತ್ತ ಹೋದಂತೆ ಅಂಕಿ ಮೈನಸ್ 27ರಿಂದ ಮೇಲೇರುತ್ತ ಹೋಗುವುದು ಎಂದರೆ ನೆಲದ ಪಾಲು ಇಳಿಯುತ್ತ ಕಡಲ ಪಾಲು ಏರುತ್ತಿದೆ ಎಂದೇ.

ವಯಸ್ಸು ಸುಳ್ಳು ಹೇಳುವ ಬಗೆ

ಮೂರನೆಯ ಸುಳಿವು ಇಂಗಾಲ-14. ಇದು ವಿಕಿರಣಶೀಲ. ವಾಯುಮಂಡಲದಲ್ಲಿ ವಿಶ್ವಕಿರಣಗಳಿಂದ ಹುಟ್ಟುತ್ತದೆ, ಜೀವಿಗಳು ಬದುಕಿರುವವರೆಗೆ ಅವುಗಳ ಒಡಲು ಸೇರುತ್ತಿರುತ್ತದೆ. ಸತ್ತ ಮೇಲೆ ಹೊಸದು ಬರುವುದಿಲ್ಲ, ಇದ್ದದ್ದು 5,730 ವರ್ಷಕ್ಕೆ ಅರ್ಧವಾಗುತ್ತದೆ. ಇದನ್ನು ಕಾಲಗಣನೆಗೆ ಬಳಸಬಹುದೆಂದು ವಿಲ್ಲರ್ಡ್ ಲಿಬ್ಬಿ 1949ರಲ್ಲಿ ತೋರಿಸಿದರು, 1960ರಲ್ಲಿ ನೊಬೆಲ್ ಪಡೆದರು. ಈಚಿನ ಪಾಚಿಯಲ್ಲಿ ಇಂಗಾಲ-14 ಹೆಚ್ಚುಕಡಿಮೆ ಪೂರ್ತಿ ಇರುತ್ತದೆ, ಮೇಲ್ಮಣ್ಣಿನಲ್ಲಿ ತುಸು ಕಡಿಮೆ, ಯೆಡೋಮಾದಲ್ಲಿ ಬರೀ ಜಾಡು, ಕಲ್ಲಿದ್ದಲಿನಲ್ಲಿ ಸೊನ್ನೆ.

ಎರಡನೆಯ ಮತ್ತು ಮೂರನೆಯ ಸುಳಿವನ್ನು ಜೊತೆಗೂಡಿಸಿದರೆ ಲೆಕ್ಕ ಬಿಡಿಸಬಹುದು. ವಿವರಣೆಗೆಂದು ದುಂಡಾದ ಅಂಕಿಗಳನ್ನೇ ತೆಗೆದುಕೊಳ್ಳೋಣ. ಕಡಲ ಪಾಚಿಯ ಇಂಗಾಲ-13ರ ಅಂಕಿ ಮೈನಸ್ 21, ಅದರಲ್ಲಿ ಉಳಿದಿರುವ ಇಂಗಾಲ-14 ಶೇಕಡಾ 100. ಮೇಲ್ಮಣ್ಣಿಗೆ ಮೈನಸ್ 28 ಮತ್ತು ಶೇಕಡಾ 90. ಯೆಡೋಮಾಕ್ಕೆ ಮೈನಸ್ 26 ಮತ್ತು ಶೇಕಡಾ 5. ನಮ್ಮ ಕೈಯ ಹೂಳಿನಲ್ಲಿ ಅಳೆದಾಗ ಮೈನಸ್ 24.9 ಮತ್ತು ಶೇಕಡಾ 50.5 ಬಂತೆನ್ನಿ. ಮೂರು ಪಾಲುಗಳ ಮೊತ್ತ ನೂರು ಎಂಬುದು ಮೂರನೆಯ ಸಮೀಕರಣ. ಪ್ರೌಢಶಾಲೆಯ ಬೀಜಗಣಿತದಲ್ಲೇ ಉತ್ತರ ಸಿಗುತ್ತದೆ: ಪಾಚಿ ಶೇಕಡಾ 30, ಮೇಲ್ಮಣ್ಣು ಶೇಕಡಾ 20, ಯೆಡೋಮಾ ಶೇಕಡಾ 50. ನಿಜವಾದ ಕೆಲಸದಲ್ಲಿ ಪ್ರತಿ ಮೂಲದ ಅಂಕಿಯೂ ಒಂದು ಬಿಂದುವಲ್ಲ, ಒಂದು ಹರವು. ಅದಕ್ಕೆ ಕಂಪ್ಯೂಟರಿನಲ್ಲಿ ಸಾವಿರಾರು ಬಾರಿ ಬೇರೆಬೇರೆ ಅಂಕಿ ಹಾಕಿ, ಉತ್ತರದ ಜೊತೆ ಅದರ ಅನಿಶ್ಚಿತತೆಯನ್ನೂ ಹೇಳುತ್ತಾರೆ.

ಇದೇ ಉದಾಹರಣೆಯಲ್ಲಿ ಒಂದು ಪಾಠವಿದೆ. ಇಂಗಾಲ-14 ಅರ್ಧ ಉಳಿದಿದೆ, ಆದ್ದರಿಂದ ಈ ಹೂಳಿನ ವಯಸ್ಸು ಸುಮಾರು 5,600 ವರ್ಷ ಎಂದು ಯಂತ್ರ ಹೇಳುತ್ತದೆ. ಆದರೆ ಅದರಲ್ಲಿ 5,600 ವರ್ಷ ಹಳೆಯ ಒಂದು ಕಣವೂ ಇಲ್ಲ. ಅರ್ಧ ಭಾಗ ಹೆಚ್ಚುಕಡಿಮೆ ಈಚಿನದು, ಇನ್ನರ್ಧ 25 ಸಾವಿರ ವರ್ಷದ್ದು. ಒಂದೇ ಸೂರಿನಡಿಯ ಮುತ್ತಜ್ಜಿ ಮತ್ತು ಮರಿಮೊಮ್ಮಗಳ ಸರಾಸರಿ ವಯಸ್ಸು ತೆಗೆದರೆ ಆ ಮನೆಯಲ್ಲಿ ನಲವತ್ತೈದರ ಹೆಂಗಸೊಬ್ಬಳಿದ್ದಾಳೆ ಎಂದಾದೀತೇ? ಹೂಳಿನ ವಯಸ್ಸನ್ನು ನಂಬುವ ಮೊದಲು ಅದರೊಳಗೆ ಯಾರು ಯಾರಿದ್ದಾರೆಂದು ಕೇಳಬೇಕು.

2012ರಲ್ಲಿ ಯೊರಿಯನ್ ವಾಂಕ್, ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಓರ್ಯನ್ ಗುಸ್ತಾಫ್‌ಸನ್, ರಷ್ಯಾದ ಇಗೊರ್ ಸೆಮಿಲೆಟೊವ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಜೋಡಿ ಲೆಕ್ಕದ ಮೇಲೇ ನಿಂತಿತ್ತು. ಮುಸ್ತಾಖ್ ದ್ವೀಪದ ಕುಸಿಯುವ ದಂಡೆಯನ್ನೂ ಖಂಡಾವರಣದ ಹೂಳನ್ನೂ ಒಟ್ಟಿಗೆ ಓದಿದ ಅವರಿಗೆ ಕಂಡದ್ದು ಇದು: ಪೂರ್ವ ಸೈಬೀರಿಯಾದ ಖಂಡಾವರಣದ ಹೂಳಿನ ಸಾವಯವ ಇಂಗಾಲದಲ್ಲಿ ಸುಮಾರು ಶೇಕಡಾ 57 ಯೆಡೋಮಾದ್ದು. ನದಿ ತಂದ ಮೇಲ್ಮಣ್ಣು, ಕಡಲ ಪಾಚಿ ಎರಡೂ ಸೇರಿದರೂ ಅದಕ್ಕಿಂತ ಕಡಿಮೆ. ದಂಡೆಯ ಕೊರೆತದಿಂದಲೂ ನೀರಿನಡಿಯ ಪರ್ಮಾಫ್ರಾಸ್ಟಿನ ಸವೆತದಿಂದಲೂ ವರ್ಷಕ್ಕೆ ಸುಮಾರು 4.4 ಕೋಟಿ ಟನ್ ಹಳೆಯ ಇಂಗಾಲ ನಿದ್ದೆಯಿಂದೇಳುತ್ತಿದೆ, ಅದರಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಬನ್ ಡೈ ಆಕ್ಸೈಡ್ ಆಗಿ ಗಾಳಿ ಸೇರುತ್ತಿದೆ, ಒಂದು ಪಾಲು ಮಾತ್ರ ಮತ್ತೆ ಹೂಳಾಗುತ್ತಿದೆ ಎಂದು ಅವರು ಅಂದಾಜಿಸಿದರು. ಹೂಳಿನಲ್ಲಿ ಕಂಡದ್ದು ಶೇಷವೆಂದು ಮೊದಲೇ ಹೇಳಿದ್ದು ಇದಕ್ಕೇ.

ವೆನಿಲ್ಲಾದ ಅಣು, ಎಲೆಯ ಮೇಣ

ಇಂಗಾಲ-13, ಇಂಗಾಲ-14ರಂಥ ಐಸೊಟೋಪುಗಳು ಗುಂಪಿನ ಪರಿಚಯ ಹೇಳುತ್ತವೆ. ಒಬ್ಬೊಬ್ಬರ ಮುಖ ನೋಡಬೇಕಾದರೆ ಅಣುಗಳತ್ತ ಹೋಗಬೇಕು. ಕೆಲವು ಅಣುಗಳನ್ನು ಕೆಲವೇ ಜೀವಿಗಳು ತಯಾರಿಸುತ್ತವೆ. ಜೀವಿ ಅಳಿದರೂ ಅಣು ಉಳಿದು ಅದರ ರುಜುವಾಗುತ್ತದೆ.

ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅಂಥದ್ದು. ಕಡಲಲ್ಲಿ ತೇಲುವ ಪಾಚಿಗೆ ನೆಟ್ಟಗೆ ನಿಲ್ಲುವ ಹಂಗಿಲ್ಲ, ಅದು ಲಿಗ್ನಿನ್ ಮಾಡುವುದಿಲ್ಲ. ಹೂಳನ್ನು ತಾಮ್ರದ ಆಕ್ಸೈಡಿನೊಂದಿಗೆ ಕ್ಷಾರದಲ್ಲಿ ಕಾಯಿಸಿದರೆ ಲಿಗ್ನಿನ್ ಮುರಿದು ಸಣ್ಣ ತುಣುಕುಗಳಾಗುತ್ತದೆ. ಅದರಲ್ಲೊಂದು ವೆನಿಲಿನ್, ಐಸ್‌ಕ್ರೀಮಿಗೆ ವೆನಿಲ್ಲಾದ ಪರಿಮಳ ಕೊಡುವ ಅದೇ ಅಣು. ಆರ್ಕ್ಟಿಕ್ ಕಡಲ ಹೂಳಿನಿಂದ ವೆನಿಲಿನ್ ಹೊರಟರೆ ಅಲ್ಲಿಗೆ ನೆಲದ ಗಿಡ ಬಂದಿದೆ ಎಂದೇ ಅರ್ಥ. ಸಿರಿಂಜಿಲ್ ಎಂಬ ಜಾತಿಯ ತುಣುಕುಗಳು ಹೂಬಿಡುವ ಗಿಡಗಳಿಂದ ಬರುತ್ತವೆ, ಪೈನ್ ಜಾತಿಯ ಮರಗಳಿಂದ ಬರುವುದಿಲ್ಲ. ಸಿನಮಿಲ್ ತುಣುಕುಗಳು ಕಟ್ಟಿಗೆಯದಲ್ಲ, ಹುಲ್ಲು ಎಲೆಗಳ ಮೆದು ಭಾಗದವು. ತುಣುಕುಗಳ ಪ್ರಮಾಣ ನೋಡಿ ಬಂದದ್ದು ಕಾಡೋ ಹುಲ್ಲುಗಾವಲೋ ಎಂದು ಊಹಿಸಬಹುದು.

ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಉರುಳುವುದನ್ನು ಕಂಡವರಿಗೆ ಎಲೆಗೆ ಮೇಣದ ಹೊದಿಕೆಯಿದೆಯೆಂದು ಹೇಳಬೇಕಿಲ್ಲ. ನೆಲದ ಗಿಡಗಳ ಎಲೆಮೇಣದಲ್ಲಿ 27, 29, 31 ಹೀಗೆ ಬೆಸ ಸಂಖ್ಯೆಯ ಇಂಗಾಲ ಪರಮಾಣುಗಳಿರುವ ಉದ್ದ ಸರಪಳಿಗಳು ಹೆಚ್ಚು, ಸಮ ಸಂಖ್ಯೆಯವು ಕಡಿಮೆ. ಭೂಗರ್ಭದ ಬಿಸಿಯಲ್ಲಿ ಕೋಟ್ಯಂತರ ವರ್ಷ ಬೆಂದ ಇಂಗಾಲದಲ್ಲಿ ಈ ಬೆಸದ ಹೆಚ್ಚಳ ಅಳಿಸಿಹೋಗುತ್ತದೆ. ಹಾಗಾಗಿ ಬೆಸ-ಸಮಗಳ ಲೆಕ್ಕ ಹೆಪ್ಪುಗಟ್ಟಿದ ಎಲೆಯನ್ನೂ ಬೆಂದ ಬಂಡೆಯ ಇಂಗಾಲವನ್ನೂ ಬೇರ್ಪಡಿಸುತ್ತದೆ.

ಕಡಲ ಕಡೆಯಿಂದಲೂ ರುಜುಗಳಿವೆ. ಕಡಲ ಹಿಮದ ತಳಭಾಗದಲ್ಲಿ, ಉಪ್ಪುನೀರಿನ ಸಣ್ಣ ನಾಳಗಳಲ್ಲಿ, ಕೆಲವು ಡಯಾಟಮ್ ಪಾಚಿಗಳು ಬದುಕುತ್ತವೆ. ಅವು ಮಾಡುವ 25 ಇಂಗಾಲದ ಒಂದು ಕವಲೊಡೆದ ಅಣುವನ್ನು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸೈಮನ್ ಬೆಲ್ಟ್ ಮತ್ತು ಸಂಗಡಿಗರು 2007ರಲ್ಲಿ ಗುರುತಿಸಿ ಐಪಿ-25 ಎಂದು ಕರೆದರು. ಹೂಳಿನ ಯಾವ ಪದರದಲ್ಲಿ ಅದು ಸಿಕ್ಕಿತೋ ಆ ಕಾಲದಲ್ಲಿ ಅಲ್ಲಿ ವಸಂತದ ಹೊತ್ತಿಗೆ ಕಡಲ ಹಿಮವಿತ್ತು.

ಹಡಗಿಲ್ಲದ ಪಯಣ

ಊರು ತಿಳಿಯಿತು. ದಾರಿಯಲ್ಲಿ ಏನಾಯಿತು? ಒರಟು ಕಟ್ಟಿಗೆ ಚೂರು ದಂಡೆಯ ಹತ್ತಿರವೇ ತಳ ಸೇರುತ್ತದೆ. ನುಣ್ಣನೆ ಜೇಡಿಗೆ ಅಂಟಿಕೊಂಡ ಇಂಗಾಲ ಮಾತ್ರ ದೂರ ಸಾಗುತ್ತದೆ. ಬಿರುಗಾಳಿಗೆ ಎದ್ದು, ಒಂದಿಷ್ಟು ಸರಿದು, ಮತ್ತೆ ಕೂತು, ಮತ್ತೆ ಎದ್ದು ಹೋಗುವ ಪಯಣವದು. ಲಿಸಾ ಬ್ರೊಡರ್ ಮತ್ತು ಸಂಗಡಿಗರು ಲಾಪ್ಟೆವ್ ಖಂಡಾವರಣದಲ್ಲಿ ಎಲೆಮೇಣದ ಅಣುಗಳ ಇಂಗಾಲ-14ನ್ನೇ ಅಳೆದು ಈ ಪಯಣದ ಕಾಲ ಕಂಡುಹಿಡಿದರು. ಸುಮಾರು 600 ಕಿಲೋಮೀಟರ್ ಅಗಲದ ಜಗುಲಿ ದಾಟಲು ಸುಮಾರು 3,600 ವರ್ಷ. ಅಷ್ಟೂ ಕಾಲ ಆಮ್ಲಜನಕವಿರುವ ನೀರು, ಹಸಿದ ಸೂಕ್ಷ್ಮಜೀವಿಗಳು. ತೀರದಲ್ಲಿ ಹೇರಳವಾಗಿದ್ದ ಲಿಗ್ನಿನ್ ಜಗುಲಿಯ ಹೊರ ಅಂಚಿಗೆ ತಲುಪುವಾಗ ಬಹುಪಾಲು ಇಲ್ಲವಾಗಿರುತ್ತದೆ.

ಹೀಗೆ ಕೊಳೆತ ನೆಲದ ಇಂಗಾಲ ಮೊದಲು ಕಡಲ ನೀರಿಗೇ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತದೆ, ನೀರು ಆಮ್ಲೀಯವಾಗುತ್ತದೆ. 2016ರಲ್ಲಿ ಸೆಮಿಲೆಟೊವ್ ಮತ್ತು ಸಂಗಡಿಗರು ಪೂರ್ವ ಸೈಬೀರಿಯಾದ ಖಂಡಾವರಣದ ನೀರು ಚಿಪ್ಪಿನ ಸುಣ್ಣವನ್ನು ಕರಗಿಸುವಷ್ಟು ಆಮ್ಲೀಯವಾಗಿರುವುದನ್ನೂ, ಅದಕ್ಕೆ ನೆಲದಿಂದ ಬಂದ ಇಂಗಾಲದ ಕೊಳೆತ ಮತ್ತು ನದಿಗಳ ಸಿಹಿನೀರು ಕಾರಣವೆಂಬುದನ್ನೂ ತೋರಿಸಿದರು. ದಂಡೆ ಕುಸಿದರೆ ಅದರ ಪೆಟ್ಟು ಗಾಳಿಗಿಂತ ಮೊದಲು ಚಿಪ್ಪುಜೀವಿಗಳಿಗೆ ತಾಗುತ್ತದೆ.

ಹೂಳು ಹಳೆಯ ಕಾಲದ ದಾಖಲೆಯೂ ಹೌದು. ಸುಮಾರು 11,700 ವರ್ಷಗಳ ಹಿಂದೆ, ಹಿಮಯುಗದ ಕೊನೆಯ ಚಳಿಯ ಘಟ್ಟ ಮುಗಿದು ಭೂಮಿ ಥಟ್ಟನೆ ಬೆಚ್ಚಗಾದಾಗ, ಲಾಪ್ಟೆವ್ ಸಮುದ್ರಕ್ಕೆ ಪರ್ಮಾಫ್ರಾಸ್ಟಿನ ಹಳೆಯ ಇಂಗಾಲ ಭಾರಿ ಪ್ರಮಾಣದಲ್ಲಿ ನುಗ್ಗಿತ್ತೆಂದು ತೊಮ್ಮಾಸೊ ತೇಸಿ ಮತ್ತು ಸಂಗಡಿಗರು 2016ರಲ್ಲಿ ಒಂದು ಹೂಳಿನ ಕಂಬದಿಂದ ಓದಿ ತೆಗೆದರು. ಈ ತಿಜೋರಿ ಹಿಂದೊಮ್ಮೆ ಒಡೆದಿದೆ.

ಹಿಮಾದ್ರಿಯ ಎದುರಿನ ಕೊಲ್ಲಿ

ಈಗ ಪಶ್ಚಿಮಕ್ಕೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಿಗೆ. ಅಲ್ಲಿ 79 ಡಿಗ್ರಿ ಉತ್ತರ ಅಕ್ಷಾಂಶದ ಬಳಿ ಕೋಂಗ್ಸ್‌ಫ್ಯೋರ್ಡ್ ಎಂಬ ಕಿರಿದಾದ ಕೊಲ್ಲಿಯಿದೆ. ಅದರ ದಂಡೆಯ ನಿ-ಆಲೆಸುಂಡ್ ಎಂಬ ಪುಟ್ಟ ಊರಿನಲ್ಲಿ 2008ರ ಜುಲೈಯಿಂದ ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ ಕೆಲಸ ಮಾಡುತ್ತಿದೆ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತದೆ. 2014ರಲ್ಲಿ ಇದೇ ಕೊಲ್ಲಿಯ ಆಳದಲ್ಲಿ ಭಾರತ ‘ಇಂಡ್‌ಆರ್ಕ್’ ಎಂಬ ಮಾಪನ ಸರಪಣಿಯನ್ನು ಇಳಿಬಿಟ್ಟಿತು. ಅದು ನೀರಿನ ತಾಪ, ಲವಣಾಂಶ ಮೊದಲಾದವನ್ನು ಅಳೆಯುತ್ತದೆ.

ನಿ-ಆಲೆಸುಂಡ್ ಮೊದಲು ಕಲ್ಲಿದ್ದಲು ಗಣಿಯ ಊರು. 1962ರ ನವೆಂಬರಿನಲ್ಲಿ ಗಣಿ ಸ್ಫೋಟಿಸಿ 21 ಕಾರ್ಮಿಕರು ಸತ್ತರು, ಗಣಿ ಮುಚ್ಚಿತು, ಮುಂದೆ ಊರು ವಿಜ್ಞಾನಿಗಳ ನೆಲೆಯಾಯಿತು. ಆ ಕಲ್ಲಿದ್ದಲು ಸುಮಾರು 6 ಕೋಟಿ ವರ್ಷ ಹಳೆಯದು. ಹಿಮನದಿಗಳು ಇಂಥ ಬಂಡೆಗಳನ್ನು ಬೀಸುವ ಕಲ್ಲಿನಂತೆ ಅರೆದು ಕೊಲ್ಲಿಗೆ ಸುರಿಯುತ್ತವೆ. ಹಾಗಾಗಿ ಇಲ್ಲಿನ ಹೂಳಿನ ಇಂಗಾಲದಲ್ಲಿ ಒಂದು ದೊಡ್ಡ ಪಾಲು ಬಂಡೆಯ ಇಂಗಾಲ. ಇಂಗಾಲ-14 ಮಾತ್ರ ನೋಡಿದರೆ ಇದೂ ಸೈಬೀರಿಯಾದ ಹೂಳಿನಂತೆ ‘ಬಹಳ ಹಳೆಯದು’. ಆದರೆ ಒಂದು ಮ್ಯಾಮತ್‌ನ ಮಾಂಸ, ಇನ್ನೊಂದು ಇದ್ದಿಲು. ಒಂದನ್ನು ಸೂಕ್ಷ್ಮಜೀವಿಗಳು ಬಾಚಿ ತಿನ್ನುತ್ತವೆ, ಇನ್ನೊಂದನ್ನು ಮುಟ್ಟುವುದಿಲ್ಲ ಎಂದೇ ಬಹುಕಾಲ ನಂಬಲಾಗಿತ್ತು.

ಆ ನಂಬಿಕೆಯನ್ನೂ ತಿದ್ದಬೇಕಾಗಿ ಬಂತು. ಸ್ವಾಲ್ಬಾರ್ಡ್‌ನದೇ ಹೋರ್ನ್‌ಸುಂಡ್ ಕೊಲ್ಲಿಯ ಹೂಳಿನಲ್ಲಿ ಬದುಕಿರುವ ಸೂಕ್ಷ್ಮಜೀವಿಗಳ ಪೊರೆಯ ಕೊಬ್ಬನ್ನು ಬೇರ್ಪಡಿಸಿ ಅದರ ಇಂಗಾಲ-14ನ್ನು ಅಳೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಕೊಬ್ಬು ಜೀವಂತ ಜೀವಿಯದು, ಆದರೆ ಅದರಲ್ಲಿ ಇಂಗಾಲ-14ರ ಕೊರತೆಯಿತ್ತು. ಉಂಡದ್ದು ಒಡಲಾಗುವುದರಿಂದ ಅರ್ಥ ಒಂದೇ, ಈ ಜೀವಿಗಳು ಬಂಡೆಯ ಇಂಗಾಲವನ್ನೂ ಉಣ್ಣುತ್ತಿವೆ. ರಾಗಿ ಉಂಡವರ ಕೂದಲಿನ ನ್ಯಾಯವೇ ಇಲ್ಲಿಯೂ. ಹಿಮನದಿಗಳು ಹಿಂದೆ ಸರಿದಂತೆ ಎಷ್ಟು ಬಂಡೆ ಬಯಲಾಗುತ್ತದೆ, ಎಷ್ಟು ಪುಡಿ ಕೊಲ್ಲಿ ಸೇರುತ್ತದೆ ಎಂಬುದೂ ಆದ್ದರಿಂದ ಇಂಗಾಲದ ಖಾತೆಯೊಳಗೇ ಬರಬೇಕು.

ದಕ್ಷಿಣ ಧ್ರುವದ ಚಿತ್ರ ಬೇರೆ. ಅಂಟಾರ್ಕ್ಟಿಕದಲ್ಲಿ ಕಾಡಿಲ್ಲ, ಲೆನಾದಂಥ ನದಿಯಿಲ್ಲ. ಹಿಮದ ಭಾರಕ್ಕೆ ಕುಸಿದ ಅಲ್ಲಿನ ಖಂಡಾವರಣ ನೂರಾರು ಮೀಟರ್ ಆಳ. ಹೂಳಿನ ಹೊಸ ಇಂಗಾಲ ಬಹುತೇಕ ಡಯಾಟಮ್ ಪಾಚಿಯದೇ, ಎಂದರೆ ನಿಜವಾದ ಉಳಿತಾಯ. ಆದರೂ ಮೇಲ್ಪದರದ ಹೂಳನ್ನು ಅಳೆದರೆ ಸಾವಿರಾರು ವರ್ಷ ಹಳೆಯದೆಂದು ಬರುತ್ತದೆ. ಅಲ್ಲಿ ಮೇಲೇಳುವ ಆಳದ ನೀರೇ ಹಳೆಯದು, ಜೊತೆಗೆ ಹಿಮ ಅರೆದು ತಂದ ಹಳೆಯ ಬಂಡೆಯ ಇಂಗಾಲವೂ ಬೆರೆತಿರುತ್ತದೆ. ಅಲ್ಲಿಯೂ ವಯಸ್ಸನ್ನಲ್ಲ, ಊರನ್ನೇ ಮೊದಲು ಕೇಳಬೇಕು.

ಮುಂದೆ ಎಲ್ಲಾದರೂ ‘ಸಮುದ್ರದ ತಳ ಇಷ್ಟು ಕೋಟಿ ಟನ್ ಇಂಗಾಲವನ್ನು ಹೂತಿಟ್ಟುಕೊಳ್ಳುತ್ತದೆ’ ಎಂಬ ಸಾಲು ಓದಿದರೆ, ಓದುಗರೇ, ಸಮಾಧಾನ ಪಡುವ ಮೊದಲು ಒಂದು ಕ್ಷಣ ತಡೆಯಿರಿ. ಗಾಳಿಯಿಂದ ಹೊಸದಾಗಿ ತೆಗೆದ ಇಂಗಾಲವನ್ನೂ ಒಡೆದ ತಿಜೋರಿಯಿಂದ ಸೋರಿ ಉಳಿದ ಇಂಗಾಲವನ್ನೂ ಒಂದೇ ಸಾಲಿನಲ್ಲಿ ಬರೆದು ಕೂಡುವ ಲೆಕ್ಕ ತಪ್ಪು ಲೆಕ್ಕ. ವಾಂಕ್ ಮತ್ತು ಸಂಗಡಿಗರ ಅಂದಾಜಿನಂತೆ ಸೈಬೀರಿಯಾದ ದಂಡೆಯಿಂದಲೂ ನೀರಿನಡಿಯಿಂದಲೂ ಏಳುವ ಹಳೆಯ ಇಂಗಾಲದ ಮೂರು ಪಾಲಿನಲ್ಲಿ ಎರಡು ಹೂಳನ್ನು ಸೇರುವುದೇ ಇಲ್ಲ, ನಾವು ಉಸಿರಾಡುವ ಗಾಳಿಯನ್ನು ಸೇರುತ್ತದೆ.